ಕೋಲು ಬಿದ್ದರೆ ಪಾಸು

ಹೋದ ವಾರ ಕಲ್ಕತ್ತೆಯ ಸಾಲ್ಟ್ ಲೇಕಿನ ನಮ್ಮ ಮನೆಯ ಮುಂಬಾಗಿಲಿಗೆ ವಾರ್ನಿಷ್ ಹೊಡೆಸಿದೆ. ದುರ್ಗಾಪೂಜೆ ಬರುವ ಮುಂಚೆ ಬಾಗಿಲು ಥಳಥಳ ಅನ್ನಬೇಕು ಅನ್ನುವುದು ನನ್ನ ಹಠ. ಥಳಥಳ ಅಂದಿತು, ಸರಿ. ಆದರೆ ಮೂರನೆಯ ಬೆಳಿಗ್ಗೆ ಹಾಲು ತರಲು ಹೊರಟರೆ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಚೌಕಟ್ಟಿಗೆ ಕಚ್ಚಿಕೊಂಡು ಕೂತಿತ್ತು. ಹಿಡಿಕೆ ಹಿಡಿದು ಜಗ್ಗುತ್ತ ನಿಂತವಳ ಮೂಗಿನ ತುಂಬ ವಾರ್ನಿಷ್ ವಾಸನೆ... ಆ ವಾಸನೆಗೆ ಕೆಳಗಿನ ಮನೆಯ ಕಾಕಾ ನೆನಪಾದರು.

ಆಗ ನನಗೆ ಇಪ್ಪತ್ತಾರು. ವಾರವಿಡೀ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಫೈಲು, ಭಾನುವಾರ ಮಾತ್ರ ರೈಫಲ್ಲು. ಊರಂಚಿನ ಜೋಕಾ ದಾಟಿ ಹೋದರೆ ಒಂದು ಹಳೆಯ ಕ್ಲಬ್ಬಿತ್ತು; ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಜಂಬವಲ್ಲ, ನನ್ನ ಗುರಿ ಚೆನ್ನಾಗಿತ್ತು. ಆಯ್ತು, ಸ್ವಲ್ಪ ಜಂಬವೂ ಇತ್ತು. ಹೀಗಿರುವಾಗ ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಎಡಗೈಯ ಮಣಿಕಟ್ಟು ಮುರಿದುಕೊಂಡೆ. ಮೂಳೆ ಕೂಡಿತು, ರೈಫಲಿನ ಭಾರ ಹೊರುವ ಶಕ್ತಿ ಮಾತ್ರ ವಾಪಸ್ಸು ಬರಲಿಲ್ಲ. ಉಳಿದದ್ದು ಒಂದೇ ದಾರಿ, ಕೋಲಿನ ಆಸರೆಯ ವಿಭಾಗ. ಎರಡು ಕೋಲನ್ನು ಕತ್ತರಿಯಂತೆ ಕೂಡಿಸಿ ಬೋಲ್ಟು ಬಿಗಿದು, ಮೇಲಿನ ಕವಲಿನಲ್ಲಿ ರೈಫಲ್ ಆನಿಸಿ, ನೆಲದ ಮೇಲೆ ಕೂತು ಹೊಡೆಯುವುದು. ಚಳಿಗಾಲದ ಸ್ಪರ್ಧೆಯಲ್ಲಿ ಗೆದ್ದ ಮೊದಲ ಮೂವರಿಗೆ ಕ್ಲಬ್ಬಿನ ತಂಡದಲ್ಲಿ ಜಾಗ ಸಿಗುತ್ತಿತ್ತು. ಆ ಜಾಗ ನನಗೆ ಬೇಕೇ ಬೇಕಿತ್ತು. ಅದಿಲ್ಲದಿದ್ದರೆ ನಾನು ಬರೀ ಕೈ ಮುರಿದುಕೊಂಡ ಗುಮಾಸ್ತೆ.

ಕೋಲನ್ನು ಮನೆಯಲ್ಲೇ ಮಾಡಿಕೊಳ್ಳಬಹುದಿತ್ತು. ನಿಯಮ ಮಾತ್ರ ಕಟ್ಟುನಿಟ್ಟು. ಕೋಲನ್ನು ನೆಲಕ್ಕೆ ಚುಚ್ಚಬಾರದು. ಕವಲು ರೈಫಲನ್ನು ಹೊರಬೇಕೇ ಹೊರತು ಹಿಡಿದುಕೊಳ್ಳಬಾರದು. ಸ್ಪರ್ಧೆಯ ಬೆಳಿಗ್ಗೆ ಪರೀಕ್ಷೆಯ ಮೇಜಿನ ಮುಂದೆ ಕೋಲಿನ ಮೇಲೆ ರೈಫಲ್ ಇಡಬೇಕು, ಆಮೇಲೆ ಕೋಲಿನ ಕೈಬಿಟ್ಟು ರೈಫಲನ್ನು ನೇರ ಮೇಲೆತ್ತಬೇಕು. ಕೋಲು ಖಟ್ ಎಂದು ಸಿಮೆಂಟಿನ ಮೇಲೆ ಬಿದ್ದರೆ ಪಾಸು. ಜೊತೆಗೆ ಎದ್ದುಬಂದರೆ ಆ ದಿನ ಆ ಕೋಲನ್ನು ಮುಟ್ಟುವಂತಿಲ್ಲ.

ಕೋಲಷ್ಟೇ ಅಲ್ಲ, ಎಲ್ಲರ ರೈಫಲನ್ನೂ ಪರೀಕ್ಷಿಸುವ ಆ ಮೇಜಿನ ಹಿಂದೆ ಕೂರುತ್ತಿದ್ದವರು ನಮ್ಮ ಕಾಕಾ. ಜನ್ಮದಲ್ಲಿ ಒಂದು ಗುಂಡು ಹಾರಿಸಿದವರಲ್ಲ. ಆದರೆ ಅಳತೆಯಲ್ಲಿ ಅವರ ಕಣ್ಣು ತಪ್ಪುವುದಿಲ್ಲ ಅಂತ ಕ್ಲಬ್ಬಿನವರು ಕೈಹಿಡಿದು ಕರೆದುಕೊಂಡು ಹೋಗಿ ಕೂರಿಸಿದ್ದರು. ಭಾನುವಾರ ಇಸ್ತ್ರಿ ಷರ್ಟು, ಜೇಬಿನಲ್ಲಿ ಅಡಿಪಟ್ಟಿ, ಹಣೆಯಲ್ಲಿ ವಿಭೂತಿ... ಮದುವೆಮನೆಗೆ ಹೊರಟವರ ಹಾಗೆ ಹೊರಡುತ್ತಿದ್ದರು. ಪಾಸಾದವರಿಗೆಲ್ಲ ಬಂಗಾಳಿಯಲ್ಲಿ "ಜಾವ್" ಅನ್ನುತ್ತಿದ್ದರು. ಕೈ ಮುರಿಯುವ ಮುಂಚೆ ನಾನು ರೈಫಲ್ ತೋರಿಸಿ ಹೊರಡುವಾಗ ನನಗೊಬ್ಬಳಿಗೆ ಮಾತ್ರ ಕನ್ನಡದಲ್ಲಿ "ಹೋಗವಾ".

ನಮ್ಮ ಕಟ್ಟಡದಲ್ಲಿ ಕನ್ನಡದ ಮನೆ ಎರಡೇ. ಮೇಲೆ ಮೈಸೂರಿನ ನಾವು, ಕೆಳಗೆ ಧಾರವಾಡದ ಕಾಕಾ. ಎರಕದ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡಿ ಮಾಡಿ ನಿವೃತ್ತರಾದವರು. ಕಾದ ಕಬ್ಬಿಣ ಆರಿದಾಗ ಕುಗ್ಗುತ್ತದೆ, ಆದ್ದರಿಂದ ಅಚ್ಚು ಕೂದಲೆಳೆಯಷ್ಟು ದೊಡ್ಡದಿರಬೇಕು; ಅದೇ ತಮ್ಮ ಇಡೀ ವಿದ್ಯೆ ಅನ್ನುತ್ತಿದ್ದರು. ನಾನು ಮುರಿದ ಕೈ ಹಿಡಿದುಕೊಂಡು ಮೆಟ್ಟಿಲ ಮೇಲೆ ಗೊಳೋ ಎಂದು ಅಳುತ್ತ ಕೂತಿದ್ದಾಗ ಅವರೇ ಬಂದು ಮಾತಾಡಿಸಿದರು.

"ಇಷ್ಟಕ್ಕ ಅಳಾಕತ್ತಿಯೇನ? ಏಳ. ಕೋಲು ನಾ ಮಾಡಿಕೊಡ್ತೀನಿ."

ದುರ್ಗಾಪೂಜೆಯ ಪೆಂಡಾಲು ಬಿಚ್ಚಿದವರಿಂದ ಬಿದಿರು ಕೇಳಿ ತಂದರು. ರೈಫಲ್ ಕ್ಲಬ್ಬಿನಿಂದ ಆಚೆ ಬರುವಂತಿರಲಿಲ್ಲ. ಅವರು ಬೇಸಿಗೆಯಲ್ಲೇ ಒಂದು ಭಾನುವಾರ ಅದರ ಮುಂಭಾಗದ ಅಳತೆ ಹಿಡಿದುಕೊಂಡು, ಮಾವಿನ ಮರದಲ್ಲಿ ಅದರ ನಕಲು ಕೆತ್ತಿದ್ದರು. ಆ ನಕಲನ್ನು ಇಟ್ಟುಕೊಂಡು ಕವಲು ಕೆತ್ತಿದರು, ಚರ್ಮ ಹೊದಿಸಿದರು, ಇಟ್ಟು ನೋಡಿದರು, ಎತ್ತಿ ನೋಡಿದರು, ಮತ್ತೆ ಕೆತ್ತಿದರು. "ಗಟ್ಟಿ ಹಿಡೀಬಾರದು, ಹಂಗಂತ ಅಳ್ಳಾಡ್ಲೂಬಾರದವಾ," ಅನ್ನುತ್ತಿದ್ದರು. ಅವರ ಮನೆಯಲ್ಲಿ ನಕಲನ್ನು ಎತ್ತಿದಾಗಲೆಲ್ಲ ಕೋಲು ಖಟ್ ಎಂದು ಬಿತ್ತು. ಹತ್ತು ಸಲ ಎತ್ತಿದರೂ ಹತ್ತು ಸಲವೂ ಬಿತ್ತು.

ನಾನೂ ಸುಮ್ಮನೆ ಕೂತವಳಲ್ಲ. ಬಿದಿರು ಬರುವ ಮುಂಚೆಯೇ ಆಯುಧಪೂಜೆ ಬಂದಿತ್ತಲ್ಲ! ಕಲ್ಕತ್ತೆಯವರು ಹಿಂದಿನ ತಿಂಗಳೇ ಹತಾರಗಳಿಗೆ ವಿಶ್ವಕರ್ಮ ಪೂಜೆ ಮುಗಿಸಿ ಸುಮ್ಮನಾಗಿದ್ದರು, ಮೈಸೂರಿನವಳು ನಾನು ಬಿಡುವೆನೇ? ಕಾರ್ಯದರ್ಶಿಯನ್ನು ಕಾಡಿ ಬೇಡಿ ಒಪ್ಪಿಗೆ ಪಡೆದು, ನನ್ನ ಪಾಲಿನ ರೈಫಲಿನ ಮಾಸಿದ ಮರವನ್ನು ಉಜ್ಜಿ, ಎರಡು ಕೋಟ್ ವಾರ್ನಿಷ್ ಬಳಿದೆ. ಕುಂಕುಮ ಇಟ್ಟೆ, ನಿಂಬೆಹಣ್ಣು ಒಡೆದೆ. ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು. ಕಾಕಾಗೆ ಹೇಳಲಿಲ್ಲ, ಸ್ಪರ್ಧೆಯ ದಿನ ನೋಡಿ ಬೆರಗಾಗಲಿ ಅಂತ.

ಆ ದಿನ ಬಂತು. ಕೋಲು ನನ್ನ ಕೈಗೆ ಸಿಕ್ಕಿದ್ದು ಹಿಂದಿನ ರಾತ್ರಿ, ನಿಜವಾದ ರೈಫಲಿನ ಮೇಲೆ ಇಟ್ಟು ನೋಡಲು ವೇಳೆಯೇ ಇರಲಿಲ್ಲ. ನನ್ನ ಸರದಿ ಬಂದಾಗ ಕವಲಿನಲ್ಲಿ ರೈಫಲ್ ಇಟ್ಟೆ, ಕೋಲಿನ ಕೈಬಿಟ್ಟೆ, ಮೇಲೆತ್ತಿದೆ. ಕೋಲು ಬೀಳಲಿಲ್ಲ. ಬಾವಲಿಯ ಹಾಗೆ ನೇತಾಡುತ್ತ ಜೊತೆಗೇ ಎದ್ದು ಬಂತು.

ಕಾಕಾ ಎದ್ದು ಬಂದರು. ರೈಫಲಿನ ಮರದ ಮೇಲೆ ಹೆಬ್ಬೆರಳು ಆಡಿಸಿದರು, ಬೆರಳನ್ನು ಮೂಸಿ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಬಂಗಾಳಿಯಲ್ಲಿ ಒಮ್ಮೆ, ನನಗೆ ಕನ್ನಡದಲ್ಲಿ ಒಮ್ಮೆ ಹೇಳಿದರು.

"ಈ ಕೋಲು ನಾನ ಮಾಡಿದ್ದು. ಅಳತಿ ನಂದು, ತಪ್ಪೂ ನಂದ. ಇದು ನಡಿಯೂದಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಸುತ್ತ ಜನ ನಿಂತಿದ್ದಾರೆ ಅನ್ನುವ ಪರಿವೆಯೂ ಇಲ್ಲದೆ, "ಅಳತೆ ಬರಲ್ಲ ಅಂದ್ರೆ ಯಾಕೆ ಕಾಕಾ ಒಪ್ಕೊಂಡ್ರಿ? ನನ್ನ ಒಂದು ವರ್ಷ ಮಣ್ಣುಪಾಲು ಮಾಡಿದ್ರಲ್ಲ!" ಎಂದು ಕಿರುಚಿದೆ. ಜೀವಮಾನವೆಲ್ಲ ಅಳತೆಯನ್ನೇ ಉಂಡು ಉಟ್ಟವರಿಗೆ ಆ ಮಾತು! ಅವರು ಪಟ್ಟಿಯಲ್ಲಿ ನನ್ನ ಕೋಲಿನ ಮುಂದೆ ಗೀಟು ಎಳೆದು, ಮುಂದಿನವರನ್ನು ಕರೆದರು. ನಾನು ಕೋಲಿನ ಆಸರೆಯಿಲ್ಲದೆ ಹೊಡೆದೆ. ಮಣಿಕಟ್ಟು ಗಡಗಡ ನಡುಗಿತು. ತಂಡದ ಜಾಗ ಹೋಯಿತು.

ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟೆ. ಮೆಟ್ಟಿಲಲ್ಲಿ ಎದುರಾದರೆ ಮೊಬೈಲು ನೋಡುತ್ತ ಇಳಿದುಬಿಡುತ್ತಿದ್ದೆ. ಅಷ್ಟರಲ್ಲಿ ಕಾಕಾ ಮೇಜನ್ನೇ ಬಿಟ್ಟುಕೊಟ್ಟಿದ್ದರು. ಮಾಡಿದವನೇ ಪರೀಕ್ಷೆ ಮಾಡುವುದು ಸರಿಯಲ್ಲ, ಕೋಲು ಮಾಡುವುದು ಬಿಡಲಾರೆ, ಹಾಗಾಗಿ ಮೇಜು ಬಿಡುತ್ತೇನೆ ಅಂದರಂತೆ. ಕಾರ್ಯದರ್ಶಿ ಹೇಳಿದಾಗ ನಾನು "ಒಳ್ಳೇದೇ ಆಯ್ತು ಬಿಡಿ" ಅಂದೆ. ಇಂದು ಬರೆಯುವಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದೇನೆ.

ಭಾನುವಾರಗಳಲ್ಲಿ ಇಸ್ತ್ರಿ ಷರ್ಟು ಇಲ್ಲದೆ, ಬನಿಯನ್ನಿನಲ್ಲೇ ಬಾಲ್ಕನಿಯಲ್ಲಿ ಕೂತು ಬಿದಿರು ಕೆತ್ತುತ್ತಿದ್ದರು. ಬೇಸಿಗೆಯಲ್ಲಿ ಒಂದು ದಿನ ಹೊಸ ಕೋಲು ನಮ್ಮ ಬಾಗಿಲಿಗೆ ಒರಗಿ ನಿಂತಿತ್ತು. ಅದನ್ನು ಹಿಡಿದು ಮುಂದಿನ ಚಳಿಗಾಲ ಸ್ಪರ್ಧೆಗೆ ಹೋದೆ. ಖಟ್ ಎಂದು ಬಿತ್ತು. ಮೇಜಿನ ಹಿಂದೆ ಯಾರೋ ಬೇರೆಯವರಿದ್ದರು. ಎರಡನೆಯವಳಾಗಿ ತಂಡಕ್ಕೆ ಸೇರಿದೆ, ಆಮೇಲೆ ಐದು ವರ್ಷ ಆ ಜಾಗ ಬಿಡಲಿಲ್ಲ. ಕಾಕಾಗೆ ಒಂದು ಪೆಟ್ಟಿಗೆ ಸಂದೇಶ್ ಮಿಠಾಯಿ ಕೊಟ್ಟು ಥ್ಯಾಂಕ್ಸ್ ಹೇಳಿದೆ. ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿದ್ದೇನೆ ಅಂದುಕೊಂಡಿದ್ದೆ... ಎಂಥ ದೊಡ್ಡ ಮನಸ್ಸು!

ಹುಬ್ಬಳ್ಳಿಯ ಮಗಳ ಮನೆಗೆ ಹೊರಡುವಾಗ ಆ ಮಾವಿನ ನಕಲನ್ನು ನನ್ನ ಕೈಯಲ್ಲಿಟ್ಟು, "ಇಟ್ಕೋ, ಮುಂದ ಬೇಕಾಗತೈತಿ," ಅಂದರು. ಅಲ್ಲೇ ತೀರಿಕೊಂಡರು. ಸುದ್ದಿ ಫೋನಿನಲ್ಲಿ ಬಂತು, ನನಗೆ ಹೋಗಲಾಗಲಿಲ್ಲ.

ಹೋದ ವಾರ ಬಾಗಿಲು ನೋಡಲು ಬಂದ ಬಡಗಿ ನಕ್ಕುಬಿಟ್ಟ. "ದೀದಿ, ದೋ ಕೋಟ್!" ಎಂದು ಎರಡು ಬೆರಳು ತೋರಿಸಿದ. ಒಂದೊಂದು ಕೋಟಿಗೂ ಮರ ಚೂರು ಚೂರೇ ದಪ್ಪವಾಗುತ್ತದಂತೆ, ಬಿಗಿಯಾಗಿ ಕೂರುವ ಕಡೆ ಅಷ್ಟೇ ಸಾಕಂತೆ ಕಚ್ಚಿಕೊಳ್ಳಲು. ಅವನು ಅಂಚನ್ನು ಹೆರೆಯತೊಡಗಿದ. ನಾನು ಅಂದು ರೈಫಲಿಗೆ ಬಳಿದದ್ದೂ ಎರಡು ಕೋಟ್. ಸ್ಟೂಲು ಹತ್ತಿ ಅಟ್ಟದಿಂದ ಆ ನಕಲನ್ನು ಇಳಿಸಿದೆ. ಅವರು ಕೈಗಿತ್ತಾಗಲೇ ಅದಕ್ಕೆ ತೆಳುವಾದ ಕಾಗದ ಸುತ್ತಿ ಅಂಟಿಸಿತ್ತು, ಧೂಳು ಕೂರದಿರಲಿ ಅಂತ ಇರಬೇಕು ಅಂದುಕೊಂಡಿದ್ದೆ. ಉಗುರಿನಿಂದ ಅಂಚು ಬಿಡಿಸಿ ನೋಡಿದೆ. ಕಾಗದ ಎರಡು ಸುತ್ತು ಇತ್ತು. ನನ್ನ ಎರಡು ಕೋಟಿಗೆ ಎರಡು ಸುತ್ತು.

ಅಂದರೆ ಹೆಬ್ಬೆರಳು ಮೂಸಿದ ಆ ಗಳಿಗೆಯಲ್ಲೇ ಅವರಿಗೆ ಗೊತ್ತಾಗಿತ್ತು. ಕೆಡಿಸಿದವಳು ನಾನು. ಅಷ್ಟು ಜನರೆದುರು ನನ್ನ ತಪ್ಪನ್ನು ಹೊತ್ತುಕೊಂಡರು, ನನ್ನಿಂದಲೇ ಬೈಸಿಕೊಂಡರು, ಪ್ರಾಣದಂಥ ಮೇಜನ್ನು ಬಿಟ್ಟರು. ಹೊಸ ಕೋಲು ಮಾಡುವಾಗ ಮಾತ್ರ ನನ್ನ ವಾರ್ನಿಷ್ಷನ್ನೂ ಲೆಕ್ಕಕ್ಕೆ ಹಿಡಿದು ಮಾಡಿದರು.

ಮೂಲೆಯಲ್ಲಿದ್ದ ಅವರ ಎರಡನೆಯ ಕೋಲನ್ನು ತಂದು ನಡುಮನೆಯಲ್ಲಿ ನಿಲ್ಲಿಸಿದೆ. ಕವಲಿನಲ್ಲಿ ನಕಲನ್ನು ಇಟ್ಟೆ. ಕೋಲಿನ ಕೈಬಿಟ್ಟು ಮೇಲೆತ್ತಿದೆ. ಖಟ್ ಎಂದು ಬಿತ್ತು. ಬಡಗಿ ಕೆಲಸ ನಿಲ್ಲಿಸಿ ತಿರುಗಿ ನೋಡಿದ.

"ತಪ್ಪಾಯ್ತು ಕಾಕಾ," ಅಂದೆ, ಗಟ್ಟಿಯಾಗಿಯೇ. ಬಗ್ಗಿ ಕೋಲನ್ನು ಎತ್ತಿಕೊಂಡೆ. "ಹೋಗವಾ" ಅನ್ನಲು ಯಾರೂ ಇರಲಿಲ್ಲ.