ದರ್ಜಿ ಭಾವನ ಬಲಗೈ

ನಮ್ಮ ಭಾವ ದರ್ಜಿ. ಟ್ರಯಲ್‌ಗೆ ಬಂದವರು ಕನ್ನಡಿ ಮುಂದೆ ನಿಂತು ‘ಸರಿಯಾಗಿದೆ’ ಎಂದರೆ ಭಾವನಿಗೆ ನಂಬಿಕೆಯಿರಲಿಲ್ಲ. ಕೈ ಎತ್ತಿಸಿ, ಬಗ್ಗಿಸಿ, ಕೂರಿಸಿ ನೋಡುತ್ತಿದ್ದರು. ದಾಕ್ಷಿಣ್ಯಕ್ಕೆ ಬಾಯಿ ಮುಚ್ಚಿಕೊಂಡು ಹೋಗಿ, ಆಮೇಲೆ ಕಂಕುಳಲ್ಲಿ ಬಿಗಿ ಎಂದು ಬರುವ ಗಿರಾಕಿಗಳನ್ನು ಕಂಡರೆ ಅವರ ಪಿತ್ತ ನೆತ್ತಿಗೇರುತ್ತಿತ್ತು. ಅಂಥವರು ಆಸ್ಪತ್ರೆಯಲ್ಲಿ ತಾವೇ ಅಂಥ ಗಿರಾಕಿಯಾದರು.

ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ತಿಳಿದಾಗ ಡಾಕ್ಟರು ರೋಬೋಟ್ ಸರ್ಜರಿ ಮಾಡೋಣ ಎಂದರು. ನನ್ನನ್ನು ಹೊಲಿಯೋಕೂ ಮೆಷಿನ್ನೇ ಬೇಕಾಯ್ತಲ್ಲ ಎಂದು ಭಾವ ನಕ್ಕರು. ಡಾಕ್ಟರು ಬಿಡಿಸಿ ಹೇಳಿದರು: ಯಂತ್ರದ ಕೈಗಳನ್ನು ನಡೆಸುವವರು ತಾವೇ, ತಲೆ ಕೆಳಗಾಗುವಂತೆ ಟೇಬಲ್ ಓರೆ ಮಾಡಿ, ತೋಳುಗಳನ್ನು ಮೈಗೆ ಒತ್ತಿ ಕಟ್ಟಿ ಗಂಟೆಗಟ್ಟಲೆ ಮಲಗಿಸಬೇಕು, ಯಂತ್ರ ಹೊಟ್ಟೆಯೊಳಗಿರುವಾಗ ರೋಗಿಯನ್ನು ಅಲುಗಾಡಿಸುವಂತಿಲ್ಲ. ಅದಕ್ಕೇ ಆ ಆಸ್ಪತ್ರೆಯಲ್ಲಿ ಒಂದು ಕ್ರಮವಿತ್ತು. ಅರಿವಳಿಕೆ ಕೊಡುವ ಮೊದಲೇ ರೋಗಿಯನ್ನು ಹಾಗೆ ಮಲಗಿಸಿ, ಎಲ್ಲಿ ಒತ್ತುತ್ತಿದೆ ಎಂದು ಕೇಳಿ, ಅಲ್ಲಿ ಮೆತ್ತೆ ಇಡುತ್ತಿದ್ದರು. ಮೊದಲಿಂದ ಜೋಮು ಹಿಡಿಯುವ ಜಾಗವಿದೆಯಾ ಎಂದೂ ಕೇಳುತ್ತಿದ್ದರು.

ಭಾವನಿಗೆ ಇತ್ತು. ಬಟ್ಟೆ ಕತ್ತರಿಸುವ ಮೇಜಿಗೆ ಮೊಣಕೈ ಊರಿ ಊರಿ ಬಲಗೈಯ ಕಿರುಬೆರಳು ವರ್ಷಗಳಿಂದ ಜುಮುಗುಟ್ಟುತ್ತಿತ್ತು. ಹೇಳಿದರೆ ಇನ್ನೊಂದು ಟೆಸ್ಟು, ಇನ್ನೊಂದು ತಾರೀಖು. ಅಷ್ಟರಲ್ಲಿ ರೋಗ ಹರಡೀತು ಎಂಬ ಭಯ. ಮೊಣಕೈ ಒತ್ತುತ್ತಿದ್ದರೂ ಸರಿಯಾಗಿದೆ ಎಂದುಬಿಟ್ಟರು.

ಹಳೆಯ ಹರ್ನಿಯಾ ಆಪರೇಶನ್ನಿನಿಂದಾಗಿ ಒಳಗೆ ಕರುಳು ಅಂಟಿಕೊಂಡಿತ್ತು. ಅದನ್ನು ಬಿಡಿಸುವುದರಲ್ಲೇ ಹೊತ್ತು ಹೋಯಿತು. ಭಾವನಿಗೆ ಎಚ್ಚರವಾದಾಗ ಬಲಗೈಯ ಎರಡು ಬೆರಳು ಸತ್ತಂತಿದ್ದವು, ಹೆಬ್ಬೆರಳಿಗೂ ಹಿಡಿತವಿರಲಿಲ್ಲ. ನಾನು ಡಾಕ್ಟರ ಮೇಲೆ ಹರಿಹಾಯ್ದೆ. ಅವರು ನುಣುಚಿಕೊಳ್ಳಲಿಲ್ಲ. ಮೊಣಕೈಯ ನರ ಒತ್ತಿಹೋಗಿದೆ, ಹೊತ್ತು ಮೀರಿದಾಗ ನಿಲ್ಲಿಸಿ ಕೈ ನೋಡಬೇಕಿತ್ತು, ನೋಡಲಿಲ್ಲ ಎಂದು ಒಪ್ಪಿಕೊಂಡರು. ಬಹಳ ಜನರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ ಎಂದರು. ಆಗ ಭಾವ ಗೋಡೆಯ ಕಡೆ ಮುಖ ತಿರುಗಿಸಿದರು.

“ಜೋಮು ಮೊದ್ಲಿಂದಾನೂ ಇತ್ತು. ತಾರೀಖು ಮುಂದೆ ಹೋಗುತ್ತೆ ಅಂತ ಹೇಳ್ಲಿಲ್ಲ.”

ಯಾರ ಮೇಲೆ ರೇಗಬೇಕೋ ನನಗೆ ತಿಳಿಯಲಿಲ್ಲ.

ಭಾವನಿಗೆ ಸರಿಹೋಗಲಿಲ್ಲ. ವ್ಯಾಯಾಮ, ಮೊಣಕೈಗೆ ಪಟ್ಟಿ, ಕೊನೆಗೆ ನರ ಸಡಿಲಿಸುವ ಆಪರೇಶನ್ನೂ ಆಯಿತು. ಕತ್ತರಿ ಹಿಡಿದರೆ ಜಾರಿ ಬೀಳುತ್ತಿತ್ತು. ಹೊಲಿಯದೆ ಉಳಿದ ಬಟ್ಟೆಗಳನ್ನು ಅಕ್ಕ ಒಂದೊಂದಾಗಿ ಗಿರಾಕಿಗಳಿಗೆ ವಾಪಸ್ ಕೊಟ್ಟಳು. ಅಷ್ಟು ದಿನವೂ ಭಾವ ಒಳಗಿನ ಕೋಣೆಯಿಂದ ಈಚೆ ಬರಲಿಲ್ಲ. ಅಂಗಡಿ ಮುಚ್ಚಿತು.

ಮೊನ್ನೆ ತಪಾಸಣೆಗೆ ಅಕ್ಕ, ಭಾವ ಇಬ್ಬರನ್ನೂ ನಾನೇ ಕರೆದುಕೊಂಡು ಹೋಗಿದ್ದೆ. ಕ್ಯಾನ್ಸರಿನ ಸುಳಿವೇ ಇಲ್ಲ, ಇನ್ನೂ ಇಪ್ಪತ್ತು ವರ್ಷ ಆರಾಮಾಗಿ ಇರುತ್ತೀರಿ ಎಂದರು ಡಾಕ್ಟರು. ಅಕ್ಕ ಸಂತೋಷಕ್ಕೆ ಅಲ್ಲೇ ಅತ್ತುಬಿಟ್ಟಳು. ಮೆಟ್ಟಿಲಿಳಿಯುವಾಗ, ಅವಳು ಮುಂದೆ ಹೋಗಲಿ ಎಂದು ಕಾದು, ಭಾವ ನನ್ನ ಪಕ್ಕ ನಿಂತರು.

“ಇಪ್ಪತ್ತು ವರ್ಷ ಅಂತೆ ಕಣೋ. ದಿನಾ ಬೆಳಗ್ಗೆ ಎದ್ದು ಏನ್ ಮಾಡ್ಲಿ, ಹೇಳು.”