ಶುಕ್ರವಾರ ಬಿಟ್ಟುಕೊಡದ ಬಾಯಮ್ಮ

ಜರ್ಟ್ರೂಡ್ ಬಾಯಮ್ಮನ ಪ್ರೋಗ್ರಾಂ ಸತ್ತ ಭಾಷೆಯಲ್ಲಿದೆ ಎಂದು ಹೇಳಿದ ಮ್ಯಾನೇಜರುಗಳು ನನಗೆ ಗೊತ್ತಿರುವಂತೆ ಐದು ಮಂದಿ. ಐವರೂ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದರು. ಪ್ರೋಗ್ರಾಂ ಇಲ್ಲೇ ಉಳಿಯಿತು.

ನಾನು ಹಂಝ, ಉಳ್ಳಾಲದವನು; ಬಾಯಮ್ಮನ ಬಾಯಲ್ಲಿ ಹಂಝಾಕ. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕ್ಯಾಂಪುಗಳಿಂದ ಕೆಲಸಗಾರರನ್ನು ಸೈಟುಗಳಿಗೆ ಕರೆದೊಯ್ಯುವ ಕಂಪನಿಯಲ್ಲಿ ಬಸ್ಸು ಹೊರಡಿಸುವುದು ನನ್ನ ಕೆಲಸ. ನಲವತ್ತಾರು ಬಸ್ಸು. ಯಾವುದು ಯಾವ ಕ್ಯಾಂಪಿಗೆ, ಎಷ್ಟು ಗಂಟೆಗೆ ಎಂದು ತೀರ್ಮಾನಿಸುವುದು ಬಾಯಮ್ಮನ ಪ್ರೋಗ್ರಾಂ. ಆಮೇಲೆ ಡ್ರೈವರುಗಳ ಮೇಲೆ ಕೂಗಾಡುವುದು ಮಾತ್ರ ನನ್ನ ಪಾಲು.

ಬಾಯಮ್ಮ ಮಂಗಳೂರಿನ ಹಂಪನಕಟ್ಟೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಫಾಕ್ಸ್‌ಪ್ರೊ ಎಂಬ ಭಾಷೆ ಕಲಿತು, ೧೯೯೯ರಲ್ಲಿ ಇಲ್ಲಿಗೆ ಟೈಪಿಸ್ಟ್ ಆಗಿ ಬಂದವರು. ಆಗ ಬಸ್ಸುಗಳ ಪಟ್ಟಿ ಕರಿಹಲಗೆಯ ಮೇಲಿತ್ತು. ಯಾರದೋ ತೋಳು ತಾಗಿ ಒಂದು ಸಾಲು ಅಳಿಸಿದರೆ ಒಂದು ಕ್ಯಾಂಪಿನವರು ಬೆಳಗಿನಿಂದ ರಸ್ತೆ ಬದಿಯಲ್ಲೇ ಕುಳಿತಿರಬೇಕಿತ್ತು. ಯಾರೂ ಹೇಳದೆ, ಊಟದ ಬಿಡುವಿನಲ್ಲಿ, ಆರು ತಿಂಗಳು ಕೂತು ಅವರು ಆ ಪ್ರೋಗ್ರಾಂ ಬರೆದರು. ಬರೆದದ್ದನ್ನು ಕರಕರ ಸದ್ದು ಮಾಡುವ ಪ್ರಿಂಟರಿನಲ್ಲಿ ಮುದ್ರಿಸಿ, ಮರದ ಸ್ಕೇಲ್ ಇಟ್ಟು ಒಂದೊಂದೇ ಸಾಲು ಓದುತ್ತಿದ್ದರು. ತಪ್ಪು ಹುಡುಕಲು ಆಗ ಅವರಿಗಿದ್ದ ಸಾಧನ ಅದೊಂದೇ.

ಆಮೇಲೆ ಫಾಕ್ಸ್‌ಪ್ರೊಗೆ ಕಿಟಕಿ ಬಂತು, ಗುಂಡಿ ಬಂತು, ಪದಗಳಿಗೆ ಬಣ್ಣ ಬಂತು. ಪ್ರತಿ ಸಲವೂ ಬಾಯಮ್ಮ ಕಲಿತರು, ಪ್ರೋಗ್ರಾಂ ತಿದ್ದಿದರು. ಒಂದು ದಿನ ಅದನ್ನು ತಯಾರಿಸುವವರೇ ಇನ್ನು ಹೊಸ ಆವೃತ್ತಿ ಇಲ್ಲ, ಖಲಾಸ್ ಎಂದರು. ಆದರೂ ಅವರು ಬಿಡಲಿಲ್ಲ. ಆಫೀಸಿನಲ್ಲಿ ಕಂಪ್ಯೂಟರ್ ಬದಲಾದಾಗಲೆಲ್ಲ ಏನೋ ಮಾಡಿ ಅದನ್ನು ಓಡಿಸಿದರು. ಹಾಗಂತ ಹೊಸದನ್ನು ಕಂಡರೆ ಹೆದರುವ ಹೆಂಗಸು ಅವರಲ್ಲ. ಐವತ್ತೆರಡನೇ ವಯಸ್ಸಿನಲ್ಲಿ, ಬಿನ್ ಒಮ್ರಾನ್‌ನ ಫ್ಲ್ಯಾಟಿನಲ್ಲಿ ಮೀನು ಸಾರು ಕುದಿಸುತ್ತಾ, ಫೋನಿನಲ್ಲಿ ವೀಡಿಯೊ ನೋಡಿ ಪೈಥಾನ್ ಎಂಬ ಹೊಸ ಭಾಷೆ ಕಲಿತರು. ಅದರಲ್ಲಿ ಬರೆಯುವುದು ಎಷ್ಟು ಚಂದ ಎಂದು ನನ್ನ ತಲೆ ತಿಂದಿದ್ದಾರೆ. ನನಗೆ ಎರಡೂ ಅರ್ಥವಾಗುವುದಿಲ್ಲ.

ನಮ್ಮಿಬ್ಬರದು ಒಂದು ಪದ್ಧತಿ. ಪ್ರತಿ ಬುಧವಾರ ಮುಂದಿನ ವಾರದ ಪಟ್ಟಿಯನ್ನು ನಾನು ಗಟ್ಟಿಯಾಗಿ ಓದಬೇಕು, ಅವರು ಸ್ಕೇಲ್ ಇಟ್ಟು ತಾಳೆ ನೋಡಬೇಕು. ಪೂರಾ ಒಂದು ಗಂಟೆ ಹಿಡಿಯುತ್ತದೆ. ಮದ್ರಸದ ಪಾಠವಾ ಎಂದು ಎಷ್ಟೋ ಮಂದಿ ನಕ್ಕಿದ್ದಾರೆ. ನಗಲಿ, ಅವರ ಹಲ್ಲು ಅವರದು.

ಈ ವರ್ಷ ಆರನೇ ಮ್ಯಾನೇಜರ್ ಬಂದರು, ಮೈಸೂರಿನ ವೆಂಕಟರಾಮು. ಕೆಟ್ಟ ಮನುಷ್ಯ ಅಲ್ಲ, ಅವಸರದ ಮನುಷ್ಯ. ಅವರು ಬೆಂಗಳೂರಿನಿಂದ ವಿನಯ್ ಎಂಬ ಎಂಜಿನಿಯರನ್ನು ಕರೆಸಿದರು. ವಿನಯ್ ಕೈಯಲ್ಲಿ ಒಂದು ಎಐ ಸಾಧನ ಇತ್ತು. ಹಳೆಯ ಫಾಕ್ಸ್‌ಪ್ರೊ ಅದಕ್ಕೆ ಕೊಟ್ಟರೆ ಪೈಥಾನ್ ಆಗಿ ಹೊರಬರುತ್ತದೆ. ಬಂದದ್ದು ಸರಿ ಇದೆಯೇ ಎಂದು ನೋಡುವ ಪರೀಕ್ಷೆಗಳನ್ನೂ ಅದೇ ಬರೆಯುತ್ತದೆ. ಬಾಯಮ್ಮನ ಇಪ್ಪತ್ತಾರು ವರ್ಷದ ಕೆಲಸ ಹತ್ತು ದಿನದಲ್ಲಿ ಹೊಸ ಅಂಗಿ ತೊಟ್ಟು ನಿಂತಿತು. ಪರೀಕ್ಷೆಗಳೆಲ್ಲ ಪಾಸು, ಪರದೆಯ ತುಂಬ ಹಸಿರು.

ಬುಧವಾರ ಬೆಳಿಗ್ಗೆ ಬಾಯಮ್ಮ ಹೊಸ ಪ್ರೋಗ್ರಾಮಿನ ಪಟ್ಟಿ ಮುದ್ರಿಸಿ ನನ್ನ ಕೈಗೆ ಕೊಟ್ಟರು. ನಾನು ಓದುತ್ತಾ ಹೋದೆ. ಶನಿವಾರ ಸರಿ. ಭಾನುವಾರ ಹಾಳೆ ಖಾಲಿ. ಮುದ್ರಣ ಕೆಟ್ಟಿರಬೇಕು ಎಂದುಕೊಂಡು ಮುಂದೆ ಹೋದೆ. ಕೊನೆಯ ಹಾಳೆ: ಶುಕ್ರವಾರ, ಕ್ಯಾಂಪ್ ಮೂರು, ನಾಲ್ಕೂವರೆ, ಬಸ್ಸು ಹನ್ನೊಂದು. ನನ್ನ ನಾಲಿಗೆ ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಶುಕ್ರವಾರದ ಬಸ್ಸನ್ನು ನಾನು ಒಮ್ಮೆಯೂ ಓದಿದವನಲ್ಲ.

ಬಾಯಮ್ಮನಿಗೆ ಐದು ನಿಮಿಷ ಸಾಕಾಯಿತು. ಅವರು ಬಿಡಿಸಿ ಹೇಳಿದ್ದು ನನ್ನಂಥ ದಡ್ಡನಿಗೂ ತಿಳಿಯಿತು. ಫಾಕ್ಸ್‌ಪ್ರೊ ಭಾನುವಾರವನ್ನು ಒಂದು ಎಂದು ಎಣಿಸುತ್ತದೆ, ಅದರಲ್ಲಿ ಶುಕ್ರವಾರ ಆರು. ಪೈಥಾನ್ ಸೋಮವಾರವನ್ನು ಸೊನ್ನೆ ಎಂದು ಶುರು ಮಾಡುತ್ತದೆ, ಅದರಲ್ಲಿ ಆರು ಅಂದರೆ ಭಾನುವಾರ. ಆರನೇ ದಿನ ಬಸ್ಸು ಬೇಡ ಎಂದು ಬಾಯಮ್ಮ ಬರೆದಿದ್ದರು. ಯಂತ್ರ ಆರನ್ನು ಆರಾಗಿಯೇ ಎತ್ತಿಕೊಂಡು ಬಂದಿತ್ತು.

ಮೀಟಿಂಗಿನಲ್ಲಿ ವಿನಯ್‌ಗೆ ಇದರಲ್ಲಿ ತಪ್ಪೇನು ಎಂದೇ ಗೊತ್ತಾಗಲಿಲ್ಲ. "ಸಂಡೇ ರಜಾ ಅಂತಾನೇ ಬಂದಿದೆಯಲ್ಲ ಮೇಡಂ, ನಾನೂ ನೋಡ್ದೆ, ಸರಿಯಾಗೇ ಇದೆ ಅನ್ನಿಸ್ತು" ಎಂದ. ಪಾಪ, ಹೋಟೆಲು ಮತ್ತು ಆಫೀಸು ಬಿಟ್ಟರೆ ಅವನು ದೋಹಾ ಕಂಡವನಲ್ಲ. ಪರೀಕ್ಷೆ ಬರೆದ ಯಂತ್ರಕ್ಕೂ ಭಾನುವಾರವೇ ರಜೆ. ಕ್ಯಾಂಪಿನ ಶುಕ್ರವಾರ ಹೇಗಿರುತ್ತದೆಂದು ಇಬ್ಬರಿಗೂ ಗೊತ್ತಿಲ್ಲ. ವಾರಕ್ಕೆ ಆ ಒಂದು ದಿನ ನಮ್ಮ ಜನ ಬಿಸಿಲೇರುವ ತನಕ ಮಲಗುತ್ತಾರೆ, ಬಟ್ಟೆ ಒಗೆಯುತ್ತಾರೆ, ಜುಮಾ ನಮಾಜಿಗೆ ಹೋಗುತ್ತಾರೆ, ಊರಿನ ಮಕ್ಕಳ ಮುಖವನ್ನು ಫೋನಿನಲ್ಲಿ ಸಮಾಧಾನವಾಗಿ ನೋಡುತ್ತಾರೆ. ಬೇರೆ ಕಂಪನಿಯಲ್ಲಿರುವ ಅಣ್ಣ ತಮ್ಮ ಸಿಗುವುದೂ ಅವತ್ತೇ. ಭಾನುವಾರ ರಜೆ ಕೊಟ್ಟರೆ ಅವರು ಯಾರನ್ನು ನೋಡಬೇಕು?

ತಪ್ಪು ಇದೆ ಎಂದು ವೆಂಕಟರಾಮು ಒಪ್ಪಿದರು. ಆದರೆ ಗುರುವಾರ ಮಾಲೀಕರೂ ದೊಡ್ಡ ಗಿರಾಕಿಗಳೂ ಹೊಸ ವ್ಯವಸ್ಥೆ ನೋಡಲು ಬರುವವರಿದ್ದರು. ಈಗ ಒಂದು ಅಕ್ಷರ ಮುಟ್ಟಿದರೂ ಮತ್ತೆ ಎಲ್ಲ ಪರೀಕ್ಷೆ, ಎಲ್ಲ ಮಂಜೂರಾತಿ ಮೊದಲಿಂದ ಆಗಬೇಕು; ಎರಡು ವಾರ ಭಾನುವಾರ ರಜೆ ಕೊಟ್ಟು ಆಮೇಲೆ ಸರಿಪಡಿಸೋಣ ಎಂದರು. ಒಪ್ಪಿಗೆ ಪತ್ರವನ್ನು ಬಾಯಮ್ಮನ ಮುಂದೆ ಸರಿಸಿದರು. ಅದಕ್ಕೆ ಎರಡು ಸಹಿ ಬೇಕು, ಮೊದಲನೆಯದು ಅವರದು, ಎರಡನೆಯದು ನನ್ನದು. ಬಾಯಮ್ಮ ಪೆನ್ನು ಮುಟ್ಟಲಿಲ್ಲ. ಜೂನ್‌ನಲ್ಲಿ ನಿಮ್ಮ ಕಾಂಟ್ರಾಕ್ಟ್ ಮುಗಿಯುತ್ತದೆ, ಅದರ ಕಾಗದವೂ ನನ್ನ ಮೇಜಿನ ಮೇಲೇ ಇದೆ ಎಂದು ವೆಂಕಟರಾಮು ಬಹಳ ಮೆತ್ತಗೆ ನೆನಪಿಸಿದರು.

"ನನ್ನ ಕಾಂಟ್ರಾಕ್ಟ್ ನಿಮ್ಮ ಕೈಯಲ್ಲಿ ಉಂಟು ಸರ್, ಬೇಕಾದ್ರೆ ನಿಲ್ಲಿಸಿ," ಎಂದರು ಬಾಯಮ್ಮ. "ಸಾವಿರ ಜನರ ಶುಕ್ರವಾರ ನಿಮ್ಮ ಕೈಯಲ್ಲಿ ಇಲ್ಲ, ನನ್ನ ಕೈಯಲ್ಲೂ ಇಲ್ಲ. ತಪ್ಪು ಅಂತ ಗೊತ್ತಿದ್ದೂ ನಾನು ಸಹಿ ಹಾಕುದಿಲ್ಲ."

ಕಾಗದ ನನ್ನ ಮುಂದೆ ಬಂತು. ನಿಜ ಹೇಳುತ್ತೇನೆ, ನಾನು ಡ್ರೈವರುಗಳ ಮುಂದೆ ಹುಲಿ, ಮೇಲಿನವರ ಮುಂದೆ ಬೆಕ್ಕು. ಇಷ್ಟು ವರ್ಷದಲ್ಲಿ ಯಾವ ಮ್ಯಾನೇಜರಿಗೂ ಇಲ್ಲ ಎಂದವನಲ್ಲ. ಪೆನ್ನು ಕೈಗೆ ತೆಗೆದುಕೊಂಡದ್ದೂ ಹೌದು, ಅದಕ್ಕೆ ಇವತ್ತಿಗೂ ನಾಚಿಕೆ ಇದೆ. ಬಾಯಮ್ಮ ನನ್ನ ಕಡೆ ನೋಡಲೇ ಇಲ್ಲ. ಬೈದಿದ್ದರೆ ಸಹಿ ಹಾಕಿಬಿಡುತ್ತಿದ್ದೆನೋ ಏನೋ.

"ನಾನೂ ಹಾಕುದಿಲ್ಲ ಸರ್," ಎಂದೆ. ಪೆನ್ನನ್ನು ಮೇಜಿನ ಮೇಲೆ ಇಟ್ಟೆ.

ವೆಂಕಟರಾಮು ಮುಖ ಕೆಂಪಾಗಿ ಎದ್ದು ಹೋದರು. ವಿನಯ್ ತನ್ನ ಲ್ಯಾಪ್‌ಟಾಪನ್ನು ಬಾಯಮ್ಮನ ಕಡೆ ತಿರುಗಿಸಿ, ತಾನೇ ಜವಾಬ್ದಾರಿ ತೆಗೆದುಕೊಳ್ಳುವುದಾಗಿ ಹೇಳಿದ. ಬಾಯಮ್ಮ ಆರನ್ನು ಅಳಿಸಿ, ಪೈಥಾನಿನ ಶುಕ್ರವಾರವಾದ ನಾಲ್ಕು ಬರೆದರು. ಅಷ್ಟಕ್ಕೇ ಬಿಡಲಿಲ್ಲ. ಇನ್ನು ಯಾವ ಭಾಷೆ ಬಂದರೂ, ಯಾವ ಯಂತ್ರ ಬರೆದರೂ, ಶುಕ್ರವಾರಕ್ಕೆ ಒಂದೇ ಒಂದು ಬಸ್ಸು ಬಂದರೂ ಪಟ್ಟಿಯೇ ಹೊರಬರಬಾರದು ಎಂಬ ಒಂದು ಪರೀಕ್ಷೆಯನ್ನು ತಮ್ಮ ಕೈಯಾರೆ ಪೈಥಾನಿನಲ್ಲಿ ಬರೆದು ಸೇರಿಸಿದರು. ಉಳಿದ ಪರೀಕ್ಷೆಗಳನ್ನೆಲ್ಲ ಇಬ್ಬರೂ ಮತ್ತೆ ಓಡಿಸಿ ಸಂಜೆಯೊಳಗೆ ಮುಗಿಸಿದರು. ಎರಡು ವಾರ ಬೇಕು ಎಂದಿದ್ದ ಕೆಲಸ ಅದು. ಆಮೇಲೆ ನಾವಿಬ್ಬರೂ ಸಹಿ ಹಾಕಿದೆವು.

ಗುರುವಾರ ಮಾಲೀಕರು ಬಂದರು, ಗಿರಾಕಿಗಳು ಬಂದರು, ಚಪ್ಪಾಳೆಯೂ ಆಯಿತು. ಒಂದೇ ಒಂದು ತಪ್ಪಿಲ್ಲದೆ ಹೊಸ ವ್ಯವಸ್ಥೆ ಬಂದಿದೆ ಎಂದು ವೆಂಕಟರಾಮು ಭಾಷಣ ಮಾಡಿದರು. ಅದೇ ಸಂಜೆ ಬಾಯಮ್ಮನಿಗೆ ಕಾಗದ ಬಂತು: ಹಳೆಯ ವ್ಯವಸ್ಥೆ ಮುಚ್ಚಿರುವುದರಿಂದ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ. ನನ್ನ ಮೈ ಉರಿದುಹೋಯಿತು. ಈಗಲೂ ಉರಿಯುತ್ತದೆ. ಬಾಯಮ್ಮ ಅದನ್ನೂ ಸ್ಕೇಲ್ ಇಟ್ಟು ಓದಿ, ತಾರೀಖಿನಲ್ಲಿ ಒಂದು ತಪ್ಪು ಹುಡುಕಿ, ಸರಿ ಮಾಡಿ ತನ್ನಿ ಎಂದು ವಾಪಸ್ ಕಳಿಸಿದರು.

ಶುಕ್ರವಾರ ಬೆಳಿಗ್ಗೆ ಮನಸ್ಸು ತಡೆಯದೆ ನಾನು ಯಾರ್ಡಿಗೆ ಹೋದೆ. ಹೊಸ ಪ್ರೋಗ್ರಾಂ ತೆರೆದೆ. ಇವತ್ತಿನ ಬಸ್ಸುಗಳು: ಸೊನ್ನೆ. ಹೊರಗೆ ನಲವತ್ತಾರೂ ಸಾಲಾಗಿ ನಿಂತಿದ್ದವು, ಒಬ್ಬ ಡ್ರೈವರೂ ಇರಲಿಲ್ಲ. ಬಾಯಮ್ಮನಿಗೆ ಫೋನ್ ಮಾಡಿದೆ. ಇಲ್ಲಿ ಇಗರ್ಜಿಯ, ಅಂದರೆ ಅವರ ಚರ್ಚಿನ, ದೊಡ್ಡ ಪೂಜೆಯೂ ಶುಕ್ರವಾರವೇ. ಅವರು ಹೊರಡುವ ಗಡಿಬಿಡಿಯಲ್ಲಿದ್ದರು. ಬಸ್ಸು ನಿಂತಿರುವುದನ್ನು ಹೇಳಿದೆ. ಆದರೆ ನಿಮ್ಮನ್ನೇ ತೆಗೆದರಲ್ಲ ಬಾಯಮ್ಮ ಎಂದು ಅತ್ತೇಬಿಟ್ಟೆ.

"ಅಳ್ಬೇಡಿ ಹಂಝಾಕ," ಎಂದರು. "ನಾನಿಲ್ಲದೆಯೂ ನಿಲ್ತವೆ ಅಲ್ವಾ ಬಸ್ಸುಗಳು? ಅದಕ್ಕೇ ಆ ಪರೀಕ್ಷೆ ಬರೆದದ್ದು ನಾನು."