ದೇವರಿಗೂ ಪುಟಸಂಖ್ಯೆ ಬಿದ್ದ ಪುಸ್ತಕ

ಉಬ್ರಾಣಿಯಲ್ಲಿ ನಮ್ಮಣ್ಣ ಮೆಕ್ಕೆಜೋಳ ಬಿಡಿಸುವ ಮಷೀನು ತಂದ ದಿನ ಮನೆಯವರೆಲ್ಲ ಮಷೀನಿನ ಸುತ್ತ ನಿಂತಿದ್ದರು. ನಾನು ಮಾತ್ರ ಅದರ ಜೊತೆ ಬಂದ ಪುಸ್ತಕ ಹಿಡಿದುಕೊಂಡು ಜಗಲಿಯ ಮೇಲೆ ಕೂತೆ. ಆ ಪುಸ್ತಕದ ಬರಹವನ್ನು ಟೈಪು ಮಾಡಿ ಪುಟಪುಟವಾಗಿ ಕೂರಿಸಿದವಳು ನಾನೇ, ಚನ್ನಗಿರಿಯ ನಮ್ಮ ಮನೆಯ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ. ಮಷೀನು ಮಾಡುವವರು ಜಗಳೂರಿನವರು. ಅಚ್ಚು ಹಾಕಿದ್ದು ಹೊನ್ನಾಳಿಯಲ್ಲಿರುವ ನನ್ನ ಭಾವನ ಪ್ರೆಸ್ಸು. ಭಾವ ಅಂದರೆ ನನ್ನ ಗಂಡನ ಅಣ್ಣ.

"ಮಷೀನ್ ನೋಡು ಬಾರೇ ಅಂದ್ರೆ ಅದನ್ನೇನು ಓದ್ತೀಯ?" ಎಂದ ಅಣ್ಣ.

"ನಿನ್ನ ಮಷೀನು ಎಲ್ಲಿಗೂ ಓಡಿ ಹೋಗಲ್ಲ ಬಿಡು" ಎಂದೆ.

ಮೊದಲ ಪುಟದಲ್ಲಿ ದೇವರ ಚಿತ್ರವಿತ್ತು. ಅದೇನೂ ಹೊಸದಲ್ಲ. ಲಗ್ನಪತ್ರಿಕೆಯಾಗಲಿ, ಗ್ರೀಸ್ ಹಚ್ಚುವುದು ಹೇಗೆಂದು ಹೇಳುವ ಪುಸ್ತಕವಾಗಲಿ, ನಮ್ಮ ಕಡೆ ದೇವರನ್ನು ಬಿಟ್ಟು ಯಾರೂ ಅಚ್ಚು ಹಾಕಿಸುವುದಿಲ್ಲ. ನಾನು ಕಳಿಸಿದ ಪುಟಗಳ ಮುಂದೆ ಪ್ರೆಸ್ಸಿನವರು ಒಂದು ಹಾಳೆ ಸೇರಿಸಿ ದೇವರನ್ನು ಕೂರಿಸುತ್ತಿದ್ದರು. ಆ ಹಾಳೆಗೆ ಪುಟಸಂಖ್ಯೆ ಇರುತ್ತಿರಲಿಲ್ಲ. ಈ ಸಲ ನೋಡಿದರೆ ದೇವರ ಪಾದದ ಕೆಳಗೆ 'ಒಂದು' ಅಂತ ಬಿದ್ದಿದೆ! ಅಯ್ಯೋ ಶಿವನೇ, ಕೆಟ್ಟಿತು ಅಂದುಕೊಂಡೆ. ದೇವರ ಹಾಳೆ ಲೆಕ್ಕಕ್ಕೆ ಬಂದರೆ ಉಳಿದ ಪುಟಗಳ ಸಂಖ್ಯೆಯೆಲ್ಲ ಬದಲಾಗುತ್ತದೆ, ಕೊನೆಯಲ್ಲಿರುವ ನನ್ನ ಪದಸೂಚಿ ಪೂರ್ತಿ ಸುಳ್ಳಾಗುತ್ತದೆ. ಬೆಲ್ಟು ಜಾರಿದರೆ ಏನು ಮಾಡಬೇಕು ಅಂತ ಹುಡುಕಿದವನಿಗೆ ಗ್ರೀಸಿನ ಪುಟ ಸಿಗುತ್ತದೆ.

ಗಾಬರಿಯಿಂದ ಕೊನೆಯ ಪುಟಗಳಿಗೆ ಹೋದೆ. ಬೆಲ್ಟು ಸರಿಯಾಗಿಯೇ ಇತ್ತು. ದಿಂಡು ಸಿಕ್ಕಿಕೊಂಡರೆ, ಕಾಳು ಒಡೆದರೆ, ಸದ್ದು ಜಾಸ್ತಿಯಾದರೆ, ಎಲ್ಲವೂ ಸರಿ. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ನಿಜವಾದ ಹೆದರಿಕೆ ಶುರುವಾದದ್ದೇ ಆಗ.

ತಪ್ಪಿಲ್ಲ ಅಂದರೆ ಹೆದರುವುದೇಕೆ ಅಂತ ಕೇಳಬಹುದು. ಪದಸೂಚಿಯನ್ನು ನಾನು ಕೈಯಲ್ಲಿ ಬರೆಯುವುದಿಲ್ಲ. ಬರಹದಲ್ಲಿ ಬೇಕಾದ ಪದದ ಪಕ್ಕ ಒಂದು ಗುರುತು ಹಾಕುತ್ತೇನೆ. ಆ ಗುರುತುಗಳನ್ನೆಲ್ಲ ಹೆಕ್ಕಿ, ಯಾವ ಪದ ಯಾವ ಪುಟದಲ್ಲಿದೆ ಅಂತ ನೋಡಿ, ಅಕ್ಷರಮಾಲೆಯ ಕ್ರಮಕ್ಕೆ ಜೋಡಿಸಿಕೊಡಲು ಮ್ಯಾಕ್ರೋ ಬರೆದಿಟ್ಟಿದ್ದೇನೆ. ಮ್ಯಾಕ್ರೋ ಅಂದರೆ ಒಮ್ಮೆ ಹೇಳಿಟ್ಟರೆ ಕಂಪ್ಯೂಟರು ಪ್ರತಿಸಲ ಹಾಗೇ ಮಾಡುವ ಆಜ್ಞೆಗಳ ಕಟ್ಟು, ಅಷ್ಟೆ. ಈಗ ಅಷ್ಟೆ ಅನ್ನುತ್ತೇನೆ, ಬರೆಯುವಾಗ ಸಾಕೋಸಾಕಾಗಿತ್ತು. ಒತ್ತಕ್ಷರ ಕಂಡರೆ ಅದಕ್ಕೆ ಆಗುತ್ತಿರಲಿಲ್ಲ, ಸೊನ್ನೆ ಕಂಡರೆ 'ಎಂಜಿನ್' ಅನ್ನುವ ಪದವನ್ನು ಒಯ್ದು ಪಟ್ಟಿಯಲ್ಲಿ ಎಲ್ಲಿಗೋ ಎಸೆಯುತ್ತಿತ್ತು. ಬೈದು ಬೈದು ದಾರಿಗೆ ತಂದೆ. ಇನ್ನೊಂದು ಕೆಲಸವನ್ನೂ ಅದಕ್ಕೆ ಕಲಿಸಿದ್ದೆ. ಪುಸ್ತಕದಲ್ಲಿ 'ಕಂಪನ' ಅಂತ ಇರುತ್ತದೆ, ಹೊಲದಲ್ಲಿ ನಿಂತವನು ಕಂಪನ ಅಂತ ಹುಡುಕುತ್ತಾನೆಯೇ? ಮಷೀನು ನಡುಗಿದರೆ ಅಂತ ಹುಡುಕುತ್ತಾನೆ. ಅವನು ಪದಸೂಚಿಯಲ್ಲಿ 'ನಡುಗಿದರೆ' ಅಂತ ನೋಡಿದರೂ ಕಂಪನದ ಪುಟಕ್ಕೇ ಬಂದು ಮುಟ್ಟುವ ಹಾಗೆ ಮಾಡಿದ್ದೆ.

ಹೊನ್ನಾಳಿಗೆ ನಾನು ಕಳಿಸುತ್ತಿದ್ದದ್ದು ತಯಾರಾದ ಪುಟಗಳ ಪಿಡಿಎಫ್ ಮಾತ್ರ. ಅದು ಬೆಂದ ಅನ್ನ, ಅದನ್ನು ಮತ್ತೆ ಅಕ್ಕಿ ಮಾಡಲು ಬರುವುದಿಲ್ಲ. ಪುಟಸಂಖ್ಯೆಯನ್ನೂ ಪದಸೂಚಿಯನ್ನೂ ಒಟ್ಟಿಗೆ ಸರಿಸಬೇಕಾದರೆ ನನ್ನ ಮೂಲ ಫೈಲು, ನನ್ನ ಮ್ಯಾಕ್ರೋ ಬೇಕೇ ಬೇಕು. ಕೈಯಲ್ಲಿ ತಿದ್ದಿದ್ದರೆ ಎಲ್ಲಾದರೂ ಒಂದು ತಪ್ಪು ಉಳಿಯುತ್ತಿತ್ತು. ಉಳಿದಿಲ್ಲ. ಹಾಗಾದರೆ ನನ್ನ ಮ್ಯಾಕ್ರೋ ಇನ್ಯಾರದೋ ಕೈ ಸೇರಿದೆ. ನನಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಆ ಮ್ಯಾಕ್ರೋ ನನ್ನ ಹತ್ತಿರ ಮಾತ್ರ ಇದೆ ಅನ್ನುವ ಒಂದೇ ಕಾರಣಕ್ಕೆ ಕೆಲಸ ನನ್ನ ಮನೆ ಬಾಗಿಲಿಗೆ ಬರುತ್ತಿತ್ತು. ಅದು ಹೋದರೆ ಕೆಲಸವೂ ಹೋಯಿತು ಅಂತಲೇ ಲೆಕ್ಕ.

ಅನುಮಾನ ನೇರವಾಗಿ ಭಾವನ ಮೇಲೆ ಹೋಯಿತು. "ಒರಿಜಿನಲ್ ಫೈಲೇ ಕಳ್ಸಮ್ಮ, ಸಣ್ಣಪುಟ್ಟದ್ದಿದ್ರೆ ನಾವೇ ಮಾಡ್ಕೊಂತೀವಿ" ಅಂತ ಅವರು ಮನೆಗೆ ಬಂದಾಗಲೆಲ್ಲ ಕೇಳುತ್ತಿದ್ದರು. ನಾನು ಕಿವಿಗೇ ಬೀಳದವಳ ಹಾಗೆ ಟೀ ಮಾಡಲು ಒಳಗೆ ಹೋಗುತ್ತಿದ್ದೆ. ಹೋಗುವ ಮುಂಚೆ ಕಂಪ್ಯೂಟರ್ ಆರಿಸಿ ಮೇಲೊಂದು ಟವೆಲ್ ಹೊದಿಸುತ್ತಿದ್ದೆ. ನಗಬೇಡಿ. ಹಾಲಿನವನು ಹಾಕಿಹೋದ ಹಾಲಿಗೂ ಬೆರಳು ಅದ್ದಿ ನೋಡುವ ಜೀವ ನನ್ನದು.

ಜಗಲಿಯಲ್ಲೇ ಕೂತು ಜಗಳೂರಿಗೆ ಫೋನ್ ಮಾಡಿದೆ. ಮಷೀನು ಮಾಡುವ ಯಜಮಾನರೇ ಎತ್ತಿದರು.

"ಅಲ್ರಮ್ಮಾ, ದೇವ್ರನ್ನ ಲೆಕ್ಕಕ್ಕಿಲ್ದಂಗೆ ಕೂರ್ಸಿದ್ರೆ ಹೆಂಗೆ? ಒಂದನೇ ಪುಟ ಅವನದೇ ಆಗ್ಬೇಕು ಅಂತ ನಾನೇ ಹೇಳ್ದೆ. ಹೊನ್ನಾಳಿಯೋರು ಪಟ್ ಅಂತ ಮಾಡಿಕೊಟ್ರು" ಎಂದರು. ಆಮೇಲೆ ಬಹಳ ಕಕ್ಕುಲತೆಯಿಂದ ಕೇಳಿದರು, "ನೀವು ಕೆಲ್ಸ ಬಿಟ್ಟೀರಂತಲ್ಲ? ಕಣ್ಣು ಹೆಂಗದಾವೆ ಈಗ?"

"ನನ್ನ ಕಣ್ಣಿಗೇನಾಗೈತೆ ಸಾರ್? ಬಿಟ್ಟೆ ಅಂತ ಯಾರು ಹೇಳಿದ್ರು?"

"ಪ್ರೆಸ್ಸಿನೋರೇ ಅಂದ್ರಪ್ಪ. ಮುಂದಿಂದು ಬೀಜ ಬಿತ್ತೋ ಕೂರಿಗೆ ಪುಸ್ತಕ ಐತೆ, ಅದನ್ನೂ ಅವರಿಗೇ ಒಪ್ಪಿಸೀನಿ. ಮಾತು ಕೊಟ್ಟಾಗೈತೆ, ಬೇಜಾರ್ ಮಾಡ್ಕಬ್ಯಾಡ್ರಿ."

ಮಾರನೆಯ ದಿನ ಹೊನ್ನಾಳಿಯ ಬಸ್ಸು ಹತ್ತಿದೆ. ಭಾವನಿಗೆ ಏನೇನು ಅನ್ನಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಹೋದರೆ ಭಾವನೇ ಇಲ್ಲ, ಪೇಪರ್ ತರಲು ದಾವಣಗೆರೆಗೆ ಹೋಗಿದ್ದರು. ಪ್ರೆಸ್ಸಿನ ಕಂಪ್ಯೂಟರಿನ ಮುಂದೆ ನನ್ನ ವಾರಗಿತ್ತಿ, ಭಾವನ ಹೆಂಡತಿ ಕೂತಿದ್ದರು. ನಾನು ಅಕ್ಕ ಅನ್ನುವುದು ಅವರನ್ನು. ಪರದೆಯ ಮೇಲೆ ನನ್ನ ಮ್ಯಾಕ್ರೋ ತೆರೆದುಕೊಂಡಿತ್ತು. ಆಜ್ಞೆಗಳ ನಡುನಡುವೆ ನನಗೆ ನಾನೇ ಬರೆದುಕೊಂಡ ಟಿಪ್ಪಣಿಗಳೂ ಹಾಗೇ ಇದ್ದವು: 'ಇಲ್ಲಿ ಕೈ ಹಾಕಬೇಡ ಕತ್ತೆ', 'ಎರಡು ಸಲ ಓಡಿಸು, ಒಂದೇ ಸಲಕ್ಕೆ ನಂಬಬೇಡ'. ನನ್ನ ಒಳಮನೆಗೆ ಯಾರೋ ಚಪ್ಪಲಿ ಹಾಕಿಕೊಂಡು ಬಂದ ಹಾಗಾಯಿತು.

"ಬಾ ಬಾ! ನಿನ್ನ ಬೈಗುಳ ಓದಿ ಓದೇ ಕಲ್ತೆ ನೋಡು ಇದನ್ನ" ಎಂದು ಅಕ್ಕ ನಕ್ಕರು.

"ಇದನ್ನ ಯಾರು ಕೊಟ್ರು ಅಕ್ಕ?"

"ನೀನೇ ಕೊಟ್ಟು ಕಳ್ಸಿದ್ಯಲ್ಲೇ! ಕಣ್ಣು ಆಗ್ತಿಲ್ಲ, ಇನ್ಮ್ಯಾಲೆ ಅಕ್ಕನೇ ನೋಡ್ಕಳ್ಲಿ ಅಂದ್ಯಂತೆ. ನ್ಯಾಮತಿಯಿಂದ ಸ್ಕೂಲ್ ಮುಗಿಸಿ ಬರ್ತಾ ನಿನ್ನ ಗಂಡನೇ ಇಲ್ಲಿಳಿದು ಪೆನ್ ಡ್ರೈವ್ ಕೊಟ್ಟು ಹೋದ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಊರಿಗೆಲ್ಲ ಹೆದರಿ ಟವೆಲ್ ಹೊದಿಸಿದವಳು ನಾನು, ಪಕ್ಕದ ಕುರ್ಚಿಯಲ್ಲೇ ಕೂತು ಸ್ಕೂಲ್ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಷ್ಟ್ರು ಗಂಡನ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ನಾನು ಯಾವ ಕೆಲಸವನ್ನೂ ಬಿಟ್ಟಿಲ್ಲ, ನನ್ನ ಕಣ್ಣು ಚೆನ್ನಾಗಿಯೇ ಇದೆ ಅಂತ ಅಕ್ಕನಿಗೆ ಹೇಳಿದೆ. ಅವರ ಮುಖದ ನಗು ಹೋಯಿತು. "ಅಯ್ಯೋ, ನನಗೇನು ಗೊತ್ತೇ?" ಎಂದರು. ಸುಳ್ಳೇನಾದರೂ ಇದೆಯೇ ಅಂತ ಆ ಮುಖವನ್ನೇ ನೋಡಿದೆ, ಕಾಣಲಿಲ್ಲ. ಆಮೇಲೆ, "ಕೂರಿಗೆದು ಒಪ್ಕೊಂಡಾಗೈತಲ್ಲ ಈಗ... ನನಗೂ ಒಂದು ಕೆಲ್ಸ ಅಂತ ಆಗಿತ್ತು" ಎಂದರು. ನಿನ್ನದು ನೀನು ತಗೋ ಅಂತ ಮಾತ್ರ ಅನ್ನಲಿಲ್ಲ. ಟೀ ಬೇಡ ಅಂದು ಎದ್ದು ಬಂದೆ.

ಸಂಜೆ ಇವರು ಸ್ಕೂಲಿನಿಂದ ಬಂದು ಇನ್ನೂ ಚೀಲ ಇಳಿಸಿರಲಿಲ್ಲ, ಕೇಳಿಯೇಬಿಟ್ಟೆ. ಇಲ್ಲ ಅನ್ನುತ್ತಾರೇನೋ ಅಂತ ಕಾದೆ. ಅನ್ನಲಿಲ್ಲ.

"ಕೊಟ್ಟೆ. ನೀನು ಮನೇಲಿದ್ರೂ ಮನೇಲಿರಲ್ಲ. ಅನ್ನ ಬಡಿಸ್ತಾನೂ ಒತ್ತಕ್ಷರ, ಮಾತಾಡ್ತಾನೂ ಒತ್ತಕ್ಷರ. ನನಗೆ ಸಾಕಾಗಿತ್ತು."

"ಸಾಕಾಗಿದ್ದು ನಿಮಗೆ. ಕೆಲ್ಸ ಬಿಡ್ಸಿದ್ದು ನಂದು. ನನ್ನ ಕಣ್ಣಿನ ಮೇಲೆ ಯಾಕೆ ಹಾಕಿದ್ರಿ?"

"ಹಂಗಂದ್ರೆ ಯಾರೂ ಏನೂ ಕೇಳಲ್ಲ ಅಂತ." ಚೀಲವನ್ನು ಮೊಳೆಗೆ ತಗುಲಿಸಿದರು. "ಊರೋರಿಗೆಲ್ಲ ಹಂಚಿದ್ನಾ? ಮನೇದು ಮನೇಲೇ ಐತೆ. ಹೊರಗಿನೋರಿಗೆ ಕೊಟ್ಟಿಲ್ಲವಲ್ಲ!"

"ಇಲ್ಲ ಬಿಡ್ರಿ. ಹೊರಗಿನೋಳ ಹತ್ರ ಕದ್ದು ಮನೆಯೋರಿಗೆ ಕೊಟ್ಟೀರಿ."

ಇಷ್ಟು ವರ್ಷ ಈ ಮನೆಯಲ್ಲಿ ಬಾಳಿ ನನ್ನ ಬಾಯಿಂದ ಇಂಥ ಮಾತು ಬಂತಲ್ಲ ಅಂತ ಸಂಕಟವಾಯಿತು. ನಿಜ ಅಂತಲೂ ಅನ್ನಿಸಿತು. ಅಂದಿನಿಂದ ಮನೆಯಲ್ಲಿ ಊಟಕ್ಕೆ ಬನ್ನಿ, ಬಾಗಿಲು ಹಾಕಿ ಅನ್ನುವಷ್ಟೇ ಮಾತು ಉಳಿಯಿತು. ಇವರ ಫೋನು ಸದ್ದು ಮಾಡಿದರೂ ಯಾರು, ಯಾಕೆ ಅಂತ ಕಿವಿಗೊಡುತ್ತಿದ್ದೆ.

ಒಂದು ಭಾನುವಾರ ಅಕ್ಕನ ಫೋನು ಬಂತು. ಕೈಯಲ್ಲಿ ಹಿಟ್ಟಿತ್ತು, ಸ್ಪೀಕರ್ ಹಾಕಿದೆ. ಇವರು ಎದುರಿಗೇ ಇದ್ದರು.

"ಕೂರಿಗೆ ಪುಸ್ತಕದಾಗೆ ಪದಸೂಚಿ ಬರ್ತಾನೇ ಇಲ್ಲ ಕಣೇ. ಏನ್ ಮಾಡಿದ್ರೂ ಖಾಲಿ ಪುಟ. ಜಗಳೂರೋರು ನಾಳೇನೇ ಬೇಕು ಅಂತ ಕುಂತಾರೆ. ಒಂದೀಟು ಹೇಳಿಕೊಡೇ" ಎಂದರು. ದನಿ ಅಳುವ ಹಾಗಿತ್ತು.

ಎಲ್ಲಿ ತಪ್ಪಿದೆ ಅಂತ ನನಗೆ ಕೇಳಿದ ಕೂಡಲೇ ಗೊತ್ತಾಯಿತು. ಒಂದೇ ಸಾಲಿನ ಕೆಲಸ.

"ಹೇಳು ಹೇಳು. ಹೇಳಿದ್ರೆ ನಿನ್ನದೇನು ಹೋಗ್ತೈತೆ?" ಎಂದು ಇವರು ಮೆಲ್ಲಗೆ ಅಂದರು.

ಕೈ ತೊಳೆದುಕೊಂಡು ಬಂದು ಫೋನನ್ನು ಎತ್ತಿಕೊಂಡೆ. "ಅಕ್ಕ, ಅದನ್ನ ನಾನು ಕೊಟ್ಟಿಲ್ಲ. ಕೊಟ್ಟೋರು ಇಲ್ಲೇ ಅದಾರೆ, ಅವ್ರನ್ನೇ ಕೇಳ್ರಿ" ಎಂದು ಇವರ ಕೈಗೆ ಇಟ್ಟೆ.

"ಹಲೋ... ಅತ್ತಿಗೆ" ಎಂದರು. ಫೋನು ಹಿಡಿದುಕೊಂಡೇ ನನ್ನ ಕಡೆ ನೋಡಿದರು. ನಾನು ಒಳಗೆ ಹೋಗಿ ಚಪಾತಿ ಲಟ್ಟಿಸಿದೆ. ಆ ಕಡೆಯಿಂದ ಅಕ್ಕ ಕೇಳುತ್ತಲೇ ಇದ್ದರು, ಈ ಕಡೆಯಿಂದ ಇವರು 'ಹೂಂ ಅತ್ತಿಗೆ, ಹೂಂ ಅತ್ತಿಗೆ' ಅನ್ನುತ್ತಲೇ ಇದ್ದರು.